ಅಕ್ಕನಿಗೆ ರಕ್ತ ಹೆಚ್ಚಾಗಿತ್ತು

ಅಕ್ಕನ ಮುಖ ಕೆಂಪಗಾಗುತ್ತಾ ಬಂದಾಗ ನಮಗೆಲ್ಲ ಖುಷಿಯೇ ಆಗಿತ್ತು. ಮದುವೆಯ ಹೊತ್ತಿನಲ್ಲಿ ಅವಳು ಬಡಕಲು ಹುಡುಗಿ. ಗುಬ್ಬಿಗೆ ಸೊಸೆಯಾಗಿ ಹೋದ ಕೆಲವು ವರ್ಷಕ್ಕೆ ಕೆನ್ನೆ, ಮೂಗಿನ ತುದಿ, ಅಂಗೈ ಎಲ್ಲ ರಂಗೇರಿತು. ಭಾವನದು ಪೇಟೆ ಬೀದಿಯಲ್ಲಿ ಜವಳಿ ಅಂಗಡಿ, ಅದರ ಹಿಂದೆಯೇ ಮನೆ. ಅಂಗಡಿಗೆ ಬಂದ ಹೆಂಗಸರು ಒಳಗೆ ಇಣುಕಿ, "ಗಂಡನ ಮನೆ ಒಗ್ಗಿದೆ ಕಣಮ್ಮ ನಿಂಗೆ, ಕೆನ್ನೆ ಹಿಂಡಿದ್ರೆ ರಕ್ತ ಚಿಮ್ಮೋ ಹಂಗಿದೀಯ" ಅನ್ನುತ್ತಿದ್ದರು. ಅಕ್ಕ ನಗುತ್ತಿದ್ದಳು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ತುಮಕೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಊರಂಚಿನ ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ. ಆಗಿನ್ನೂ ಅಲ್ಲಿ ಮನೆಗಿಂತ ಹೊಲವೇ ಹೆಚ್ಚು. ಅಪ್ಪ, ಅಮ್ಮ ಇಬ್ಬರೂ ಹೋಗಿದ್ದರು. ನನ್ನವರು ಅಂತ ಉಳಿದವಳು ಅಕ್ಕ ಒಬ್ಬಳೇ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಗುಬ್ಬಿ ಬಸ್ಸು ಹತ್ತಿದರೆ ಭಾನುವಾರ ಸಂಜೆ ವಾಪಸ್ಸು ಬರುತ್ತಿದ್ದೆ.

ಹಾಗೆ ಹೋದ ಒಂದು ಭಾನುವಾರ ಬಚ್ಚಲಿನಿಂದ ಅಕ್ಕ ಬಹಳ ಹೊತ್ತಾದರೂ ಬರಲಿಲ್ಲ. ಬಾಗಿಲು ತಟ್ಟಿದೆ. ತೆಗೆದಳು. ಒದ್ದೆ ಸೀರೆ ಸುತ್ತಿಕೊಂಡು ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ಹಲ್ಲು ಕಚ್ಚಿದ್ದಳು.

"ಏನಾಯ್ತೇ?"

"ನೀರು ಬಿದ್ರೆ ಸಾಕು ಕಣೇ, ಮೈಯೆಲ್ಲಾ ಸೂಜಿ ಚುಚ್ಚಿದ ಹಂಗೆ ನವೆ. ಕೆರೆದ್ರೂ ಹೋಗಲ್ಲ. ಒಂದರ್ಧ ಗಂಟೆ ಹಿಂಗೇ ನಿಂತಿರ್ತೀನಿ, ಆಮೇಲೆ ತಾನಾಗೇ ಹೋಯ್ತದೆ."

ಅವಳ ತೋಳು, ಬೆನ್ನು ನೋಡಿದೆ. ಒಂದು ಗುಳ್ಳೆ ಇಲ್ಲ, ಗಂಧೆ ಇಲ್ಲ. ಅವಳೇ ಕೆರೆದುಕೊಂಡ ಗೆರೆಗಳು ಮಾತ್ರ.

ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಇನ್ನೊಬ್ಬರು ಸೋಪು ಬದಲಾಯಿಸಿ ಅಂದರು. ಯಾರೋ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ ಅಂದರು, ಇನ್ಯಾರೋ ದೇವರಿಗೆ ಹರಕೆ ಹೊರಿಸಿದರು. ಯಾವುದೂ ನಾಟಲಿಲ್ಲ. ಕಣ್ಣಿಗೆ ಕಾಣದ ಕಾಯಿಲೆಯನ್ನು ಎಷ್ಟು ದಿನ ಅಂತ ನಂಬುತ್ತಾರೆ? ಅಕ್ಕ ನೀರಿಗೆ ಹೆದರತೊಡಗಿದಳು. ದಿನಾ ಮಾಡುತ್ತಿದ್ದ ಸ್ನಾನ ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ.

ಆ ಮನೆಯಲ್ಲಿ ಬೆಳಗಿನ ಲಿಂಗಪೂಜೆ ಆಗದೆ ಯಾರೂ ಒಂದು ತೊಟ್ಟು ಕಾಫಿ ಕುಡಿಯುವವರಲ್ಲ. ಸ್ನಾನವಿಲ್ಲದೆ ಪೂಜೆ ಇಲ್ಲ. ಅಕ್ಕನ ಅತ್ತೆ ಕೆಟ್ಟ ಹೆಂಗಸೇನಲ್ಲ, ಆದರೆ ಅವರು ಹುಟ್ಟಿದಾಗಿನಿಂದ ಕಂಡದ್ದು ಅದೊಂದೇ ದಾರಿ. "ಮೈ ತೊಳೀದೆ ಲಿಂಗ ಮುಟ್ಟಬೇಡ" ಅಂದರು. ಪೂಜೆ ಇಲ್ಲದ ದಿನ ಅಕ್ಕ ಒಲೆ ಮುಟ್ಟುವ ಹಾಗಿಲ್ಲ. ಅಂಗಳ ಗುಡಿಸುವುದು, ಅಕ್ಕಿ ಆರಿಸುವುದು ಅವಳ ಪಾಲಿಗೆ ಬಂತು. ಮಗುವಿಲ್ಲದ ಸೊಸೆ ಅಂತ ಮೊದಲೇ ಇತ್ತು, ಈಗ ಇದು ಸೇರಿತು. ಹಜಾರದ ಮೂಲೆಯಲ್ಲಿ ಕೂತು ಊಟ ಮಾಡುವಾಗ ಅವಳ ಕೆಂಪು ಮುಖ ಆರೋಗ್ಯದ ಗುರುತಿನ ಹಾಗೇ ಕಾಣುತ್ತಿತ್ತು. ನೋಡಿದವರಿಗೆ ಸೋಮಾರಿ ಅನ್ನಿಸುವಂಥ ಕೆಂಪು.

ಒಂದು ದಿನ ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೂತಿದ್ದವಳ ಕೈಯಿಂದ ಮೊರ ಜಾರಿತು. ಭಾವ ಅಂಗಡಿಗೆ ಹೊರಟಿದ್ದರು. "ಏನೇ?" ಅಂದರೆ ಉತ್ತರ ಬರಲಿಲ್ಲ. ಬಾಯಿ ಆಡುತ್ತಿದೆ, ಮಾತು ಹೊರಡುತ್ತಿಲ್ಲ. ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿದೆ. ಭಾವ ಅವಳನ್ನು ಕಾರು ಮಾಡಿಕೊಂಡು ತುಮಕೂರಿನ ಆಸ್ಪತ್ರೆಗೆ ತಂದರು. ಸ್ಕೂಲಿಗೆ ಆಳು ಬಂದು ಹೇಳಿದ. ನಾನು ಹೋಗುವ ಹೊತ್ತಿಗೆ ಮಾತು ಅರ್ಧ ವಾಪಸ್ಸು ಬಂದಿತ್ತು. ಅಲ್ಲಿನ ಡಾಕ್ಟರು ರಕ್ತ ತೆಗೆದು ನೋಡಿ, ಇನ್ನೊಮ್ಮೆ ತೆಗೆಸಿ ನೋಡಿ, "ಬೆಂಗಳೂರಿಗೆ ಕರ್ಕೊಂಡ್ ಹೋಗಿ, ತಡ ಮಾಡ್ಬೇಡಿ" ಅಂದರು.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆಗಳನ್ನೇ ನೋಡುವ ಡಾಕ್ಟರಮ್ಮ ಇದ್ದರು. ನಡುವಯಸ್ಸಿನವರು, ದಪ್ಪ ಕನ್ನಡಕ, ಮೆಲುದನಿ. ಅಕ್ಕನ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಅಂಗೈ ತಿರುಗಿಸಿ ನೋಡಿ, ಮೊದಲ ಪ್ರಶ್ನೆ ಕೇಳಿದ್ದು: "ಸ್ನಾನ ಮಾಡಿದ್ಮೇಲೆ ನವೆ ಬರುತ್ತಾಮ್ಮ?"

ಅಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಕಾಯಿಲೆ ಏನು ಅಂತ ಗೊತ್ತಾಗುವ ಮುಂಚೆಯೇ ಅತ್ತಳು. ಯಾರೂ ಹೇಳದೆ ಒಬ್ಬರು ಅದನ್ನು ಕೇಳಿದರಲ್ಲ, ಅಷ್ಟಕ್ಕೇ.

ಬೆನ್ನಿನ ಕೆಳಗಿನ ಮೂಳೆಯಿಂದ ಮಜ್ಜೆ ತೆಗೆದು ನೋಡಿದ ಮೇಲೆ ಡಾಕ್ಟರಮ್ಮ ನನ್ನನ್ನೂ ಭಾವನನ್ನೂ ಕೂರಿಸಿಕೊಂಡು ಹೇಳಿದರು. ಮೂಳೆಯೊಳಗೆ ರಕ್ತ ತಯಾರಾಗುವ ಕಡೆ ಹಿಡಿತ ತಪ್ಪಿದೆ. ಬೇಕಾದ್ದಕ್ಕಿಂತ ಹೆಚ್ಚು ರಕ್ತ ಹುಟ್ಟುತ್ತಿದೆ. ಅದು ಮಂದವಾಗಿ ಅಲ್ಲಲ್ಲಿ ಗಟ್ಟಿಯಾಗುತ್ತೆ. ಮೊನ್ನೆ ಮೆದುಳಿನಲ್ಲಿ ಆದದ್ದು ಅದೇ.

"ಇದು ಕ್ಯಾನ್ಸರ್ರಾ?" ಭಾವ ಕೇಳಿದರು.

"ಆ ಜಾತಿಯದ್ದೇ. ಆದ್ರೆ ನಿಧಾನದ್ದು. ತುಂಬಾ ಅಪರೂಪ. ಕೆಲವು ವಾರಕ್ಕೊಂದ್ಸಲ ಒಂದು ಬಾಟ್ಲಿ ರಕ್ತ ತೆಗೆದುಬಿಡಬೇಕು. ತೆಗೀತಾ ಇದ್ರೆ ವರ್ಷಗಟ್ಟಲೆ ಇರ್ತಾರೆ."

"ವಾಸಿ ಆಗಲ್ವಾ?"

"ವಾಸಿ ಮಾಡೋಕೆ ಇದು ಯಾಕೆ ಬರುತ್ತೆ ಅನ್ನೋದು ಗೊತ್ತಿರಬೇಕಲ್ಲಪ್ಪ. ಗೊತ್ತಿಲ್ಲ."

ಹೊರಗೆ ಬಂದೆವು. ಭಾವ ಕಂಬ ಹಿಡಿದುಕೊಂಡು ನಿಂತರು. ನನಗೆ ಏನೂ ಆಗಲಿಲ್ಲ. ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದೆ. ಚಟ್ನಿಗೆ ಉಪ್ಪು ಕಮ್ಮಿ ಅನ್ನಿಸಿತು, ಮಾಣಿಯನ್ನು ಕರೆದು ಹೇಳಿದೆ ಕೂಡ. ಮಾರನೆಯ ದಿನ ಸ್ಕೂಲಿಗೆ ಹೋಗಿ ಭಿನ್ನರಾಶಿ ಕಲಿಸಿದೆ. ಅಂದು ಶುರುವಾದ ಆ ಮರಗಟ್ಟುವಿಕೆ ನನ್ನನ್ನು ಮತ್ತೆ ಪೂರ್ತಿ ಬಿಟ್ಟುಹೋಗಲಿಲ್ಲ. ಓಡಾಡಿದೆ, ಮಾತಾಡಿದೆ, ಜಗಳವಾಡಿದೆ. ಎಲ್ಲ ಬೇರೆ ಯಾರದೋ ಕೈಕಾಲಿನಲ್ಲಿ ಮಾಡಿದ ಹಾಗೆ.

ಮೊದಲ ಕೆಲವು ಸಲ ರಕ್ತ ತೆಗೆಸಲು ಬೆಂಗಳೂರಿಗೇ ಹೋದೆವು. ಗುಬ್ಬಿಯಿಂದ ರೈಲು. ಹೋಗುವಾಗ ಅಕ್ಕನಿಗೆ ತಲೆ ಸಿಡಿತ, ಬರುವಾಗ ತಲೆ ಸುತ್ತು. ಒಂದು ಸಲ ಅವಳು ಪ್ಲಾಟ್‌ಫಾರ್ಮಿನಲ್ಲೇ ಕುಸಿದಳು. ಇದನ್ನು ತುಮಕೂರಿನಲ್ಲೇ ಯಾಕೆ ಮಾಡಬಾರದು ಅಂತ ನಾನು ಡಾಕ್ಟರಮ್ಮನನ್ನು ಕೇಳಿದೆ. "ಮಾಡಬಹುದು. ಮಾಡೋರು ಬೇಕು" ಅಂದರು.

ಮಾಡುವವರನ್ನು ಹುಡುಕುವುದೇ ಒಂದು ಕೆಲಸವಾಯಿತು. ತುಮಕೂರಿನಲ್ಲಿ ಕಂಡ ಆಸ್ಪತ್ರೆಯವರೆಲ್ಲ ಒಂದೇ ಮಾತು ಹೇಳಿದರು: "ರಕ್ತ ಕೊಡೋದು ಕೇಳಿದೀವಿ. ತೆಗೆದು ಚೆಲ್ಲೋದು ಕೇಳಿಲ್ಲ." ಒಬ್ಬರು ನಕ್ಕೇಬಿಟ್ಟರು. "ನಮ್ಮ ಹೆಣ್ಣುಮಕ್ಕಳೆಲ್ಲ ರಕ್ತ ಇಲ್ದೆ ಸಾಯ್ತಿದಾರೆ. ನಿಮ್ಮಕ್ಕನಿಗೆ ಹೆಚ್ಚಾಯ್ತಾ?" ಕೊನೆಗೆ ಒಂದು ಆಸ್ಪತ್ರೆಯ ಸರ್ಜನ್ನರು, ಮುಂಗೋಪಿ ಮುದುಕರು, ನಾನು ಮೂರನೆಯ ಸಲ ಹೋಗಿ ನಿಂತಾಗ, "ಬೆಂಗಳೂರಿನ ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ, ನೀನು ನನ್ನ ಬಾಗಿಲು ಕಾಯೋದು ಬಿಡು" ಅಂದರು. ಮಾತಾಡಿದರು. ಒಪ್ಪಿದರು.

ಅಲ್ಲಿ ಮೊದಲ ಸಲ ರಕ್ತ ತೆಗೆದದ್ದು ನೆನಪಿದೆ. ಆಗ ಗಾಜಿನ ಬಾಟ್ಲಿ. ಅಕ್ಕನ ರಕ್ತ ಕಪ್ಪು ಕೆಂಪಾಗಿ, ಬೆಲ್ಲದ ಪಾಕದ ಹಾಗೆ ಮೆಲ್ಲಗೆ ಇಳಿಯುತ್ತಿತ್ತು. ನಡುವೆ ಸೂಜಿ ಕಟ್ಟಿಕೊಂಡು ಮತ್ತೆ ಚುಚ್ಚಿದರು. ತುಂಬಿದ ಬಾಟ್ಲಿಯನ್ನು ನರ್ಸಮ್ಮ ಟ್ರೇಯಲ್ಲಿಟ್ಟುಕೊಂಡು ಹೊರಟರೆ ಬಾಗಿಲಲ್ಲಿ ಒಬ್ಬ ಗಂಡಸು ಅಡ್ಡ ನಿಂತ. ಹಳ್ಳಿಯವನು, ಹೆಗಲ ಮೇಲೆ ಟವೆಲ್ಲು. ಅವನ ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಂತಿರಲಿಲ್ಲ. ರಕ್ತ ತಂದುಕೊಡು ಅಂತ ಅವನಿಗೆ ಹೇಳಿದ್ದರು.

"ಎಲ್ಲಿಗ್ ತಗಂಡೋಯ್ತಿದೀರಿ ಅದ?"

"ಚೆಲ್ಲೋದಕ್ಕೆ" ಅಂದರು ನರ್ಸಮ್ಮ, ಯೋಚಿಸದೆ.

ಅವನು ಟ್ರೇಯನ್ನೇ ಹಿಡಿದುಕೊಂಡ. "ಚೆಲ್ಬೇಡಿ ಕಣವ್ವ. ನಮ್ಮೋಳಿಗೆ ಕೊಡಿ. ಕಾಲಿಗ್ ಬೀಳ್ತೀನಿ."

"ಅದು ಕಾಯಿಲೆ ರಕ್ತ ಕಣಪ್ಪ, ಬರಲ್ಲ."

"ಕೆಂಪ್ಗೇ ಐತಲ್ಲವ್ವ!"

ಅಕ್ಕ ಮಂಚದ ಮೇಲಿಂದಲೇ ಎದ್ದು ಕೂತಳು. "ಅಣ್ಣ, ಅದು ನನ್ನ ರಕ್ತ. ಕೆಟ್ಟಿದೆ. ಚೆನ್ನಾಗಿದ್ದಿದ್ರೆ ನಾನೇ ಕೊಡ್ತಿದ್ದೆ" ಅಂದಳು. ಅವನಿಗೆ ಅರ್ಥವಾಗಲಿಲ್ಲ. ಇವರು ಇದ್ದೂ ಕೊಡುತ್ತಿಲ್ಲ ಅಂತಲೇ ಅವನು ನೋಡಿದ. ಆಗ ಭಾವ ಷರ್ಟಿನ ತೋಳು ಮಡಿಸುತ್ತಾ, "ನಂದು ಹೊಂದುತ್ತಾ ನೋಡಿ" ಅಂದರು. ಹೊಂದಿತು. ಅಕ್ಕ, ಭಾವ ಇಬ್ಬರಿಂದಲೂ ಅವತ್ತು ರಕ್ತ ತೆಗೆದರು. ಒಂದು ಬಾಟ್ಲಿ ಹಿತ್ತಲಿನ ಗುಂಡಿಗೆ ಹೋಯಿತು, ಇನ್ನೊಂದು ಹೆರಿಗೆ ವಾರ್ಡಿಗೆ. ಆ ಹೆಂಗಸು ಉಳಿದಳೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಗುಬ್ಬಿಯ ಮನೆಯಲ್ಲಿ ಮಾತ್ರ ಸ್ನಾನದ ವಿಷಯ ಹಾಗೇ ಇತ್ತು. ನವೆ ಕಾಯಿಲೆಯದೇ ಭಾಗ ಅಂತ ಡಾಕ್ಟರಮ್ಮ ಹೇಳಿದ್ದನ್ನು ಅತ್ತೆಗೆ ವಿವರಿಸಿದೆ. "ಡಾಕ್ಟ್ರು ಹೇಳಿದ್ರೆ ಶಿವ ಒಪ್ಕೋಬೇಕಲ್ಲ" ಅಂದರು. ನಾನು ಅತ್ತೆಯನ್ನೂ ಅಕ್ಕನನ್ನೂ ಕರೆದುಕೊಂಡು ಊರಾಚೆಯ ಒಂದು ಚಿಕ್ಕ ಮಠಕ್ಕೆ ಹೋದೆ. ಅಲ್ಲಿನ ಹಿರಿಯ ಸ್ವಾಮಿಗಳಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು.

"ಬುದ್ಧಿ, ಇವಳಿಗೆ ನೀರು ಬಿದ್ರೆ ಮೈ ಉರಿಯೋ ಕಾಯಿಲೆ. ಸ್ನಾನ ಇಲ್ದೆ ಪೂಜೆ ಮಾಡೋ ಹಾಗಿಲ್ಲ ಅಂತ ಮನೇಲಿ ಕಷ್ಟ ಆಗಿದೆ" ಅಂದೆ.

ಸ್ವಾಮಿಗಳು ಅಕ್ಕನನ್ನು ಹತ್ತಿರ ಕರೆದರು. "ವಿಭೂತಿ ಹಚ್ಕೊಂಡ್ರೂ ಉರಿಯುತ್ತೇನಮ್ಮ?"

"ಇಲ್ಲ ಬುದ್ಧಿ."

"ಹಂಗಾದ್ರೆ ಅದೇ ಸ್ನಾನ. ಭಸ್ಮಸ್ನಾನ ಅಂತ ಹಿರೀಕರು ಸುಮ್ಮನೆ ಹೇಳಿಲ್ಲ. ಮೈಗೆಲ್ಲ ಧರಿಸಿ ಪೂಜೆಗೆ ಕೂತ್ಕೋ." ಆಮೇಲೆ ಅತ್ತೆಯ ಕಡೆ ತಿರುಗಿ, "ನೀನೇ ಹಚ್ಚಮ್ಮ ಸೊಸೆಗೆ. ಬೆನ್ನು ಅವಳಿಗೆ ಎಟಕಲ್ಲ" ಅಂದರು.

ಮಾರನೆಯ ಬೆಳಿಗ್ಗೆಯಿಂದ ಅತ್ತೆಯೇ ಹಚ್ಚಿದರು. ಹಣೆ, ತೋಳು, ಬೆನ್ನು. ಮೊದಮೊದಲು ಬಿಗಿ ಮುಖದಿಂದ, ಆಮೇಲೆ ಮಾತಾಡುತ್ತಾ. ಅಕ್ಕ ಮತ್ತೆ ಒಲೆ ಮುಂದೆ ಕೂತಳು. ನಾನು ಈ ಕಾಯಿಲೆಯ ಹೆಸರಿನಲ್ಲಿ ಮಾಡಿದ ಓಡಾಟದಲ್ಲಿ ಪೂರ್ತಿಯಾಗಿ ಗೆದ್ದದ್ದು ಇದೊಂದೇ.

ಪ್ರೀತಿಯಿಂದಲೂ ತೊಂದರೆಯಾಗುತ್ತಿತ್ತು. ಒಮ್ಮೆ ಪರೀಕ್ಷೆಯಲ್ಲಿ ಅಕ್ಕನ ರಕ್ತ ಇದ್ದಕ್ಕಿದ್ದಂತೆ ಏರಿತ್ತು. ಡಾಕ್ಟರಮ್ಮ ಬಿಡಿಸಿ ಬಿಡಿಸಿ ಕೇಳಿದ ಮೇಲೆ ಭಾವ ತಲೆ ತಗ್ಗಿಸಿ ಹೇಳಿದರು: ಅಷ್ಟೊಂದು ರಕ್ತ ತೆಗೆಯುತ್ತಾರಲ್ಲ, ಸೊರಗಿಬಿಡುತ್ತಾಳೆ ಅಂತ ದಿನಾ ಕಬ್ಬಿಣದ ಟಾನಿಕ್ಕು ಕುಡಿಸುತ್ತಿದ್ದರಂತೆ. "ಒಲೆಗೆ ಸೌದೆ ಒಟ್ಟಿದ ಹಾಗಾಯ್ತು" ಅಂದರು ಡಾಕ್ಟರಮ್ಮ. ಬೈಯಲಿಲ್ಲ. ಅಕ್ಕ ಭಾವನ ಕಡೆ ನೋಡಿ, "ಅದಕ್ಕೇನಾ ಅಷ್ಟು ಮುದ್ದು ಮಾಡಿ ಕುಡಿಸ್ತಿದ್ದಿದ್ದು" ಅಂದಳು.

ಹುತ್ರಿದುರ್ಗದ ಒಬ್ಬ ಯಜಮಾನರು ನಮಗೆ ಸಿಕ್ಕಿದ್ದು ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನ ಮೇಲೆ. ಬೆಟ್ಟದ ತಪ್ಪಲಲ್ಲಿ ರಾಗಿ ಬೆಳೆಯುವವರು, ಐವತ್ತು ದಾಟಿದ ಗಟ್ಟಿ ಆಳು, ಅಕ್ಕನದೇ ಬಣ್ಣದ ಮುಖ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು.

"ನಿಮ್ಗೂವೆ ನೀರು ಬಿದ್ರೆ ನವೆ ಬತ್ತದಾ?" ಯಜಮಾನರೇ ಕೇಳಿದರು.

"ಹೂಂ."

"ಕಾಲು ಉರಿ?"

"ಹೂಂ."

"ನಂಗೊಬ್ಬಂಗೇ ಅಂದ್ಕಂಡಿದ್ದೆ." ಆಮೇಲೆ ನಗುತ್ತಾ ತಮ್ಮ ಕತೆ ಹೇಳಿದರು. ವರ್ಷಗಟ್ಟಲೆ ತಲೆನೋವಿತ್ತಂತೆ. ಒಂದು ದಿನ ಎತ್ತು ಹಾಯ್ದು ತೊಡೆ ಸೀಳಿ ರಕ್ತ ಹರಿಯಿತಂತೆ. "ಎಲ್ರೂ ಸತ್ತೋದ ಅಂತ ಅಳ್ತಾವ್ರೆ, ನಂಗೆ ಮಾತ್ರ ತಲೆ ಹಗುರ ಆಗ್ಬುಟ್ಟದೆ! ಎದ್ದು ಕೂತು ಮುದ್ದೆ ಕೇಳ್ದೆ." ಅಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ಕಾಯಿಲೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅವರಿಗೆ ಬೆಂಗಳೂರು ಕಷ್ಟವಾಗಿತ್ತು. ರಕ್ತ ತೆಗೆಸುವುದನ್ನು ಬಿಟ್ಟುಬಿಡುವವರಿದ್ದರು. ನಾನು ತುಮಕೂರಿನ ಸರ್ಜನ್ನರಿಗೆ ಹೇಳಿ ಇಬ್ಬರಿಗೂ ಒಂದೇ ದಿನ ಗೊತ್ತುಮಾಡಿಸಿದೆ. ಅವರು ಕುಣಿಗಲ್ಲಿಗೆ ಬಂದು ಅಲ್ಲಿಂದ ತುಮಕೂರು ಬಸ್ಸು ಹಿಡಿಯುತ್ತಿದ್ದರು. ಬರುವಾಗಲೆಲ್ಲ ಅಕ್ಕನಿಗೆ ಅವರೆಕಾಯಿಯೋ ಹುಣಸೆಹಣ್ಣೋ ಒಂದು ಗಂಟು. ಪಕ್ಕಪಕ್ಕದ ಮಂಚದಲ್ಲಿ ಕೈ ಚಾಚಿ ಮಲಗಿ ಇಬ್ಬರೂ ಮಳೆ ಬೆಳೆ ಮಾತಾಡುತ್ತಿದ್ದರು.

ಜಿಲ್ಲೆಯಲ್ಲಿ ಈ ಕಾಯಿಲೆಯ ಮೂರನೆಯವರೊಬ್ಬರು ಇದ್ದಾರೆ, ರಿಟೈರಾದ ಪೋಸ್ಟ್‌ಮ್ಯಾನು, ಬರುವುದು ಬಿಟ್ಟಿದ್ದಾರೆ ಅಂತ ಡಾಕ್ಟರಮ್ಮ ಹೇಳಿದರು. ಅಕ್ಕನೂ ನಾನೂ ತುಮಕೂರಿನ ಅವರ ಮನೆ ಹುಡುಕಿಕೊಂಡು ಹೋದೆವು. ಅವರ ಹೆಂಡತಿ ಬಾಗಿಲು ತೆಗೆದರು. ಹಣೆ ಬರಿದಾಗಿತ್ತು. ಪೋಸ್ಟ್‌ಮ್ಯಾನು ಹಿಂದಿನ ತಿಂಗಳು ಮಲಗಿದ್ದಲ್ಲೇ ಹೋಗಿದ್ದರು. "ರಕ್ತ ಹೆಚ್ಚಾಗಿ ಯಾರಾದ್ರೂ ಸಾಯ್ತಾರಾ ಅಂತ ಬಿಟ್ಬಿಟ್ರು" ಅಂದರು ಆಕೆ. ನಮಗೆ ಕಾಫಿ ಕೊಟ್ಟರು. ಕುಡಿದು ಬಂದೆವು. ದಾರಿಯಲ್ಲಿ ಅಕ್ಕ, "ಯಾರಾದ್ರೂ ಇವರ ಮನೇಗೆ ಮುಂಚೇನೇ ಬರ್ಬೇಕಿತ್ತು ಕಣೇ" ಅಂದಳು. ಅದಾದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ.

ಡಾಕ್ಟರಮ್ಮನಿಗೆ ಈ ಕಾಯಿಲೆಯ ಬೆನ್ನು ಹತ್ತಬೇಕು ಅಂತ ಆಸೆಯಿತ್ತು. ಇಂಥ ರೋಗಿಗಳನ್ನು ವರ್ಷಾನುಗಟ್ಟಲೆ ಕರೆಸಿ, ರಕ್ತ, ಮಜ್ಜೆಯ ಮಾದರಿಗಳನ್ನು ಕೆಡದ ಹಾಗೆ ಇಟ್ಟು, ಹೋಲಿಸಿ ನೋಡಬೇಕು. ಅದಕ್ಕೆ ಬಹಳ ತಂಪಿನ ಒಂದು ದೊಡ್ಡ ಪೆಟ್ಟಿಗೆ ಬೇಕು, ಬಡ ರೋಗಿಗಳಿಗೆ ಬಸ್ ಚಾರ್ಜು ಬೇಕು. ಕೇಳಿದ ಕಡೆಯೆಲ್ಲ, ಇಷ್ಟು ಕಡಿಮೆ ಜನರ ಕಾಯಿಲೆಗೆ ಹಣ ಇಲ್ಲ ಅಂದಿದ್ದರಂತೆ. "ನಾವು ಕೇಳ್ತೀವಿ" ಅಂದಳು ಅಕ್ಕ.

ಕೇಳಿದೆವು. ತುಮಕೂರಿನ ಸ್ಥಿತಿವಂತರ ಒಂದು ಕ್ಲಬ್ಬಿಗೆ ಹೋದೆವು. ಮರ್ಯಾದೆಯಿಂದಲೇ ಕೂರಿಸಿದರು. ಅಕ್ಕ ಎಲ್ಲ ಹೇಳಿದಳು.

"ಜಿಲ್ಲೇಲಿ ಎಷ್ಟು ಜನಕ್ಕಿದೆ ಈ ಕಾಯಿಲೆ?" ಅಧ್ಯಕ್ಷರು ಕೇಳಿದರು.

"ಗೊತ್ತಿರೋರು ಇಬ್ಬರು" ಅಂದಳು ಅಕ್ಕ.

"ಇಬ್ಬರು!" ಅವರು ಪಕ್ಕದವರ ಮುಖ ನೋಡಿದರು. "ನೋಡಿಮ್ಮ, ನಾವು ಕಣ್ಣಿನ ಕ್ಯಾಂಪ್ ಮಾಡಿದ್ರೆ ನೂರಾರು ಜನಕ್ಕೆ ಕಣ್ಣು ಬರುತ್ತೆ. ನೀವೇ ಹೇಳಿ, ಇಬ್ಬರಿಗೋಸ್ಕರ..."

"ನೀವು ಹೇಳೋದು ಸರಿ" ಅಂದಳು ಅಕ್ಕ. "ಕಣ್ಣಿನ ಕ್ಯಾಂಪ್ ಮಾಡಿ ಸ್ವಾಮಿ. ಆದ್ರೆ ಆ ಇಬ್ಬರಲ್ಲಿ ಒಬ್ಬಳು ನಾನು. ನಾನು ನನ್ನ ಲೆಕ್ಕದಲ್ಲಿ ಒಬ್ಬಳೇ ಇರೋದು."

ಅವರು ಆಗಲಿ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆಚೆ ಬಂದೆವು. ಒಂದು ಅಕ್ಕಿ ಗಿರಣಿಯವರು ಪೆಟ್ಟಿಗೆಯ ಮೇಲೆ ತಮ್ಮ ತಂದೆಯ ಹೆಸರು ಬರೆಸುವುದಾದರೆ ನೋಡೋಣ ಅಂದರು. ಬೆಂಗಳೂರಿನಲ್ಲಿ ಯಾರು ನೋಡುತ್ತಾರೆ ಅಂತ ಆಮೇಲೆ ಅವರೇ ಹಿಂದೆಗೆದರು.

ಕೈ ಹಿಡಿದದ್ದು ಗುಬ್ಬಿಯ ನಾಟಕದ ಹುಚ್ಚು. ಊರಿನ ಅಂಗಡಿಯವರು, ಮೇಷ್ಟ್ರುಗಳು, ದರ್ಜಿಗಳು ಸೇರಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು; ಅವರ ವೇಷದ ಬಟ್ಟೆಯೆಲ್ಲ ಭಾವನ ಅಂಗಡಿಯದು. ಆ ವರ್ಷ ಟಿಕೆಟ್ಟಿಟ್ಟು ಅಕ್ಕನ ಕೆಲಸಕ್ಕೆ ಆಡುವುದು ಅಂತಾಯಿತು. ಕರಪತ್ರದಲ್ಲಿ ಏನು ಅಚ್ಚು ಹಾಕಿಸುವುದು ಅಂತ ಕೇಳಲು ಬಂದರು. ಆಗಿನ ಕಾಲದಲ್ಲಿ ಕ್ಯಾನ್ಸರ್ ಅನ್ನುವ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಅಂಟುತ್ತದೆ ಅಂತ ನಂಬಿದವರೂ ಇದ್ದರು. ಅಂಗಡಿಯ ವ್ಯಾಪಾರಕ್ಕೆ ಹೊಡೆತ ಬೀಳಬಹುದು ಅಂತ ಭಾವನ ಗೆಳೆಯರೇ ಹೇಳಿದರು. ಭಾವ ಅಕ್ಕನನ್ನು ಕೇಳಿದರು.

"ಏನಿದೆಯೋ ಅದನ್ನೇ ಹಾಕಿಸಿ" ಅಂದಳು.

ಅಂದು ಸಂಜೆ ತೆರೆ ಏಳುವ ಮುಂಚೆ ಅಕ್ಕ ವೇದಿಕೆಗೆ ಹತ್ತಿದಳು. ಮುಂದಿನ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ನಾನು. ಮೈಕಿನ ಮುಂದೆ ಅವಳ ಉಸಿರು ಕೇಳುತ್ತಿತ್ತು.

"ಎಲ್ರಿಗೂ ಶರಣು. ನಾನು ಈ ಊರಿನ ಸೊಸೆ. ನಂಗೆ ಮಾತಾಡೋಕೆ ಬರಲ್ಲ. ನನ್ನ ಮುಖ ನೋಡಿ ನೀವೆಲ್ಲ ಚೆನ್ನಾಗಿದೀಯ ಅಂದ್ರಿ. ನಾನೂ ಹಂಗೇ ಅಂದ್ಕೊಂಡೆ. ಇದು ರಕ್ತದ ಕ್ಯಾನ್ಸರ್. ಅಂಟಲ್ಲ. ಯಾಕೆ ಬರುತ್ತೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಒಬ್ಬ ಡಾಕ್ಟ್ರು ಹುಡುಕ್ತೀನಿ ಅಂತಿದಾರೆ. ನನ್ನ ಕಾಲಕ್ಕೆ ಸಿಗಲ್ಲ. ಆದ್ರೂ ಹುಡುಕ್ಬೇಕಲ್ವಾ? ಅಷ್ಟೇ."

ಇಳಿದು ಬಂದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚಪ್ಪಾಳೆ ಹೊಡೆಯುವುದೋ ಬೇಡವೋ ಅಂತ ಜನಕ್ಕೆ ತಿಳಿಯಲಿಲ್ಲ ಅಂತ ಕಾಣುತ್ತದೆ. ಅತ್ತೆ ಜರುಗಿ ಜಾಗ ಮಾಡಿ, ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಅಂಟುತ್ತದೆ ಅಂದಿದ್ದವರೆಲ್ಲ ಅದನ್ನು ನೋಡಿದರು. ನಾಟಕ ಶುರುವಾಯಿತು.

ಪೆಟ್ಟಿಗೆ ಬಂತು. ಪೂರ್ತಿ ನಾಟಕದ ಹಣದಿಂದಲ್ಲ. ಹುತ್ರಿದುರ್ಗದ ಯಜಮಾನರು ತಮ್ಮ ಹೋಬಳಿಯಲ್ಲಿ ರಾಗಿ ಎತ್ತಿ ಮಾರಿದ್ದರು, ಆ ಕ್ಲಬ್ಬಿನ ಇಬ್ಬರು ಸದಸ್ಯರು ಹೆಸರು ಹೇಳಬೇಡಿ ಅಂತ ಕೊಟ್ಟಿದ್ದರು. ಡಾಕ್ಟರಮ್ಮನ ಕೋಣೆಯ ಮೂಲೆಯಲ್ಲಿ ಅದು ಗುಂಯ್ ಅನ್ನುತ್ತಾ ನಿಂತದ್ದನ್ನು ನಾವೆಲ್ಲ ಹೋಗಿ ನೋಡಿದೆವು. ಯಜಮಾನರು ಮುಟ್ಟಿ, "ತಣ್ಗೈತೆ" ಅಂದರು.

ಮುಂದಿನ ಕೆಲವು ವರ್ಷ ಚೆನ್ನಾಗಿಯೇ ಹೋದವು. ಎಂಬತ್ತರ ದಶಕ ಅರ್ಧಕ್ಕೆ ಬರುವ ಹೊತ್ತಿಗೆ ಅಕ್ಕನ ಕೆನ್ನೆಯ ಕೆಂಪು ಇಳಿಯತೊಡಗಿತು. ರಕ್ತ ತೆಗೆಯುವ ಅಗತ್ಯ ಕಡಿಮೆಯಾಗುತ್ತಾ ಬಂತು. ಭಾವನಿಗೆ ವಾಸಿಯಾಯಿತೇನೋ ಅಂತ ಆಸೆ. ಡಾಕ್ಟರಮ್ಮ ನನ್ನನ್ನು ಮಾತ್ರ ಹೊರಗೆ ಕರೆದರು. ಮಜ್ಜೆ ದಣಿದಿದೆ, ನಾರಿನ ಹಾಗಾಗುತ್ತಿದೆ, ಇನ್ನು ಮೇಲೆ ರಕ್ತ ಹುಟ್ಟುವುದಿಲ್ಲ ಅಂದರು. "ಕೆಲವರಲ್ಲಿ ಕೊನೆಗೆ ಹೀಗಾಗುತ್ತೆ." ನಾನು "ಸರಿ ಮೇಡಂ" ಅಂದೆ. ಒಳಗೆ ಹೋಗಿ ಅಕ್ಕನ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟೆ.

ಈಗ ಅವಳಿಗೇ ರಕ್ತ ಬೇಕಾಯಿತು. ನಾಟಕದವರು ಒಬ್ಬೊಬ್ಬರಾಗಿ ಬಂದರು. ದರ್ಜಿ, ಹಾರ್ಮೋನಿಯಮ್ಮಿನವರು, ಸ್ತ್ರೀಪಾತ್ರ ಮಾಡುತ್ತಿದ್ದ ಮೇಷ್ಟ್ರು. ಅವರ ರಕ್ತದಿಂದ ಅಕ್ಕ ಒಂದು ಚಳಿಗಾಲ ಕಳೆದಳು. ಹೊಟ್ಟೆ ಊದಿತ್ತು, ಕೈಕಾಲು ಕಡ್ಡಿಯಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಕೊನೆಯ ಸಲ ಮಜ್ಜೆ ತೆಗೆಯಬೇಕಾ ಅಂತ ಡಾಕ್ಟರಮ್ಮನೇ ಹಿಂಜರಿದರು. ಅದರಿಂದ ಅವಳಿಗೆ ಉಪಯೋಗವಿರಲಿಲ್ಲ. ಅಕ್ಕ, "ಪೆಟ್ಟಿಗೆಗೆ ತಾನೇ? ತಗೊಳ್ಳಿ" ಅಂದು ಮಗ್ಗುಲಾದಳು.

ಶಿವರಾತ್ರಿಗೆ ಮುಂಚೆ, ಮಧ್ಯಾಹ್ನ, ಗುಬ್ಬಿಯ ಮನೆಯಲ್ಲೇ ಹೋದಳು. ಅತ್ತೆ ಅತ್ತ ಅಳುವನ್ನು ನಾನು ಇವತ್ತಿಗೂ ವರ್ಣಿಸಲಾರೆ. ಭಾವ ಅಂಗಡಿಯ ಬಾಗಿಲು ಹಾಕಿ ಒಳಗಿನ ಕತ್ತಲಲ್ಲಿ ಬಟ್ಟೆಯ ಥಾನುಗಳ ನಡುವೆ ಕೂತಿದ್ದರು. ನಾನು ಬಂದವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ, ಹೂವಿನವನಿಗೆ ಹೇಳಿ ಕಳಿಸಿದೆ. ಸಮಾಧಿ ಮುಗಿಸಿ ಬಂದು ಊಟವನ್ನೂ ಮಾಡಿದೆ. "ಗಟ್ಟಿಗಿತ್ತಿ" ಅಂದರು ಯಾರೋ. ಗಟ್ಟಿಯಲ್ಲ ಅದು. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು.

ಡಾಕ್ಟರಮ್ಮ ಕೆಲವು ವರ್ಷಗಳ ಕೆಲಸವನ್ನೆಲ್ಲ ಸೇರಿಸಿ ಡಾಕ್ಟರುಗಳ ಒಂದು ಸಭೆಯಲ್ಲಿ ಓದಿದರಂತೆ. ಏನು ಸಿಕ್ಕಿತು ಅಂತ ಕೇಳಿದೆ. "ಕಾರಣ ಸಿಗಲಿಲ್ಲ. ಎಲ್ಲಿ ಹುಡುಕಿ ಸಿಗಲಿಲ್ಲ ಅನ್ನೋದನ್ನ ಹೇಳಿದೀನಿ. ಮುಂದಿನವರು ಅಲ್ಲಿ ಹುಡುಕೋದು ಬೇಡವಲ್ಲ" ಅಂದರು. ಆಮೇಲೆ ಅವರು ರಿಟೈರಾದರು. ಪೆಟ್ಟಿಗೆ ಬೇರೆ ವಿಭಾಗಕ್ಕೆ ಹೋಯಿತು ಅಂತ ಕೇಳಿದೆ.

ತುಮಕೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ದಿನ ಮಾತ್ರ ನಿಲ್ಲಲಿಲ್ಲ. ಅಕ್ಕ ಹೋದ ಮುಂದಿನ ತಿಂಗಳೂ ಯಜಮಾನರು ಕುಣಿಗಲ್ ಬಸ್ಸಿನಿಂದ ಇಳಿದು ನೇರ ಸ್ಕೂಲಿಗೆ ಬಂದು ಗೇಟಿನ ಹತ್ತಿರ ನಿಂತರು. "ಒಬ್ನೇ ಹೋಗಕ್ಕೆ ಮನಸ್ಸು ಬರ್ತಿಲ್ಲ ಟೀಚರಮ್ಮ" ಅಂದರು. ಹೆಡ್‌ಮಾಸ್ಟರಿಗೆ ಹೇಳಿ ಅವರ ಜೊತೆ ಹೋದೆ. ಆಮೇಲೆ ಪ್ರತಿ ಸಲವೂ ಹೋಗತೊಡಗಿದೆ.

ಹಾಗೆ ಹೋದ ಒಂದು ದಿನ ಬೆಂಚಿನ ಮೇಲೆ ಒಬ್ಬ ಹೊಸ ಹುಡುಗಿ ಕೂತಿದ್ದಳು. ಕುಣಿಗಲ್ಲಿನ ಯಾವುದೋ ಆಫೀಸಿನಲ್ಲಿ ಟೈಪಿಸ್ಟು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು. ಯಜಮಾನರು ಒಳಗೆ ಹೋದರು. ಹುಡುಗಿ ನನ್ನನ್ನು ನೋಡಿ ಕೇಳಿದಳು:

"ನಿಮಗೂ ಇದೇನಾ ಮೇಡಂ?"

"ನನಗಲ್ಲ. ನಮ್ಮಕ್ಕನಿಗಿತ್ತು."

"ಈಗ ಹೇಗಿದಾರೆ?"

ಸುಳ್ಳು ಹೇಳಬಹುದಿತ್ತು. "ಹೋಗಿಬಿಟ್ಳಮ್ಮ" ಅಂದೆ. "ಆದ್ರೆ ಬಹಳ ವರ್ಷ ಇದ್ಳು. ಅಡುಗೆ ಮಾಡ್ಕೊಂಡು, ನಾಟಕ ನೋಡ್ಕೊಂಡು ಇದ್ಳು."

ಹುಡುಗಿ ಬ್ಯಾಗನ್ನು ಮಡಿಲಿನಿಂದ ತೆಗೆದು ಆಚೆ ಬದಿಗಿಟ್ಟು, "ಸೂಜಿ ತುಂಬಾ ನೋಯುತ್ತಾ?" ಅಂತ ಕೇಳಿದಳು.

"ಚುಚ್ಚುವಾಗ ನೋಯುತ್ತೆ" ಅಂದೆ. "ನಾನೂ ಬರ್ತೀನಿ ನಡಿ ಒಳಗೆ."